ಮಗ್ಗದ ಮರ, ಲಾನಿನ ಪಟ್ಟೆ

"ಲಾನಿನ ಮೇಲೆ ಪಟ್ಟೆ ಹಾಕುವುದು ಅಂಥ ದೊಡ್ಡ ವಿದ್ಯೆಯೇನಲ್ಲ ಸಾರ್" ಎಂದು ನಾನು ನಮ್ಮ ಡೈರೆಕ್ಟರ್ ಸಾಹೇಬರ ಎದುರು, ಎರಡೂ ಕೈ ಹಿಂದೆ ಕಟ್ಟಿಕೊಂಡು, ಯಾರೂ ಬಲವಂತ ಮಾಡದಿದ್ದರೂ ಹೇಳಿದೆ. ಅವತ್ತು ನನಗೆ ಗಂಟಲು ಕಟ್ಟಿದ್ದರೆ ಎಷ್ಟು ಚೆನ್ನಾಗಿತ್ತು! ಕಟ್ಟಿರಲಿಲ್ಲ. ಧ್ವನಿ ಸ್ಪಷ್ಟವಾಗಿತ್ತು.

ನಾನು ಚಳ್ಳಕೆರೆಯ ಹೊರಗೆ ಹೈವೇ ಪಕ್ಕದಲ್ಲಿರುವ ಒಂದು ತರಬೇತಿ ಸಂಸ್ಥೆಯಲ್ಲಿ ಉದ್ಯಾನ ಮೇಲ್ವಿಚಾರಕ. ಹೆಸರು ನಾಗೇಂದ್ರ. ಊರು ಮೊಳಕಾಲ್ಮುರು. ಬೆಳಿಗ್ಗೆ ಬಸ್ಸು ಹತ್ತಿ ಬರುತ್ತೇನೆ, ಸಂಜೆ ಬಸ್ಸು ಹತ್ತಿ ಹೋಗುತ್ತೇನೆ. ನಡುವೆ ಹುಲ್ಲು ನೋಡಿಕೊಳ್ಳುತ್ತೇನೆ. ಸುತ್ತ ಹತ್ತು ಮೈಲಿ ಕುರಿಗಳಿಗೂ ಸಿಗದ ಹಸಿರು ಹುಲ್ಲನ್ನು ನಾವು ಬೋರ್‌ವೆಲ್ ನೀರು ಹಾಕಿ ಬೆಳೆಸುತ್ತೇವೆ, ಬೆಳೆದ ಕೂಡಲೇ ಕತ್ತರಿಸುತ್ತೇವೆ. ಇದಕ್ಕಾಗಿ ಕೂತು ಓಡಿಸುವ ಒಂದು ಯಂತ್ರವನ್ನೂ ತರಿಸಿದ್ದಾರೆ. ಸಣ್ಣ ಟ್ರ್ಯಾಕ್ಟರಿನ ಹಾಗಿದೆ, ಹೊಟ್ಟೆಯ ಕೆಳಗೆ ಬ್ಲೇಡು ತಿರುಗುತ್ತದೆ. ನಮ್ಮಲ್ಲಿ ಎಲ್ಲರೂ ಅದನ್ನು ಹುಲ್ಲಿನ ಗಾಡಿ ಎನ್ನುತ್ತಾರೆ. ಅದನ್ನು ಓಡಿಸುವ ಅಧಿಕಾರ ಇಡೀ ಸಂಸ್ಥೆಯಲ್ಲಿ ನನಗೊಬ್ಬನಿಗೇ ಇತ್ತು. ಇತ್ತು ಎಂಬ ಮಾತನ್ನು ದಯವಿಟ್ಟು ಗಮನಿಸಬೇಕು.

ಸಾಹೇಬರು ಟಿವಿಯಲ್ಲಿ ಕ್ರಿಕೆಟ್ ನೋಡುವಾಗ ಮೈದಾನದ ಹುಲ್ಲಿನ ಮೇಲೆ ಒಂದು ತಿಳಿ ಹಸಿರು, ಒಂದು ಗಾಢ ಹಸಿರು ಪಟ್ಟೆಗಳನ್ನು ಕಂಡಿದ್ದರು. ಮುಂದಿನ ಗುರುವಾರ ದೆಹಲಿಯಿಂದ ಒಬ್ಬ ದೊಡ್ಡ ಅತಿಥಿ ಬರುವವರಿದ್ದರು. "ನಮ್ಮ ಲಾನ್ ಯಾಕೆ ಹಾಗಿಲ್ಲ?" ಎಂದು ಕೇಳಿದರು. ಬೇರೆ ಬೇರೆ ಜಾತಿಯ ಹುಲ್ಲು ಹಾಕಿರಬಹುದು ಎಂಬುದು ಅವರ ಊಹೆ. ನಾನು ಮೊಬೈಲಿನಲ್ಲಿ ನೋಡಿಕೊಂಡು ಬಂದಿದ್ದೆ. ಹುಲ್ಲು ಒಂದೇ, ಬಣ್ಣವೂ ಒಂದೇ. ಯಂತ್ರದ ಹಿಂದೆ ಭಾರವಾದ ರೋಲರು ಕಟ್ಟಿ ಎಳೆದರೆ ಹುಲ್ಲು ಬಾಗುತ್ತದೆ. ಹೋಗುವಾಗ ಆ ಕಡೆಗೆ ಬಾಗಿದ್ದು ತಿಳಿಯಾಗಿ ಕಾಣುತ್ತದೆ, ಬರುವಾಗ ಈ ಕಡೆಗೆ ಬಾಗಿದ್ದು ಗಾಢವಾಗಿ ಕಾಣುತ್ತದೆ. ಇಷ್ಟೇ ಗುಟ್ಟು. ರೋಲರು ಹೊರದೇಶದಿಂದ ಬರಬೇಕು, ಅತಿಥಿ ಬಂದು ಹೋದ ಮೇಲೆ ತಲುಪುತ್ತದೆ.

"ನಾನೇ ಮಾಡ್ತೀನಿ ಸಾರ್. ನಾವು ನೇಕಾರರು. ಪಟ್ಟೆ, ಅಂಚು, ಸೆರಗು ಎಲ್ಲ ನಮಗೆ ರಕ್ತದಲ್ಲೇ ಬಂದಿರುತ್ತೆ" ಎಂದೆ.

ಇದು ಶುದ್ಧ ಸುಳ್ಳು. ನಮ್ಮ ತಾತ ನೇಯ್ದರು, ಅಪ್ಪ ನೇಯ್ದರು, ಅಪ್ಪ ಊಟಕ್ಕೆ ಎದ್ದಾಗ ಅವ್ವ ನೇಯ್ದಳು. ನಾನು ಒಮ್ಮೆಯೂ ನೇಯಲಿಲ್ಲ. ಚಿಕ್ಕಂದಿನಲ್ಲಿ ಒಂದು ಸಲ ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಯಲ್ಲಿ ಕೂರಿಸಿದ್ದರಂತೆ. ಅಡ್ಡನೂಲಿನ ಲಾಳಿ ಎಸೆದದ್ದು ಕಿಟಕಿಯಿಂದ ಹೊರಗೆ ಹೋಗಿ ಪಕ್ಕದ ಮನೆಯವರ ಬೀಸುವ ಕಲ್ಲಿಗೆ ಬಿತ್ತಂತೆ. ಅಂದೇ ಅಪ್ಪ ನನ್ನನ್ನು ಚೆನ್ನಾಗಿ ಓದಿಸಬೇಕೆಂದು ತೀರ್ಮಾನಿಸಿದರು.

ಮೊದಲ ರೋಲರನ್ನು ದಪ್ಪ ಪಿವಿಸಿ ಪೈಪಿನಲ್ಲಿ ಮಾಡಿದೆ. ಒಳಗೆ ಮರಳು ತುಂಬಿ, ಎರಡೂ ಬಾಯಿಗೆ ಮುಚ್ಚಳ ಹಾಕಿ, ಚಳ್ಳಕೆರೆಯ ವೆಲ್ಡಿಂಗ್ ಅಂಗಡಿಯ ಬಾಷಾ ಭಾಯ್ ಹತ್ತಿರ ಕಬ್ಬಿಣದ ಚೌಕಟ್ಟು ಮಾಡಿಸಿ ಗಾಡಿಯ ಹಿಂದೆ ಜೋಡಿಸಿದೆ. ಕಟ್ಟಡದ ಹಿಂಭಾಗದ ಹಳೆಯ ಲಾನಿನಲ್ಲಿ ಪರೀಕ್ಷೆ ನಡೆಯಿತು. ಇಪ್ಪತ್ತು ಅಡಿ ಹೋಗುವಷ್ಟರಲ್ಲಿ ಮುಚ್ಚಳ ಕಳಚಿತು. ನನಗೆ ತಿಳಿಯಲಿಲ್ಲ. ಕೊನೆಯವರೆಗೂ ಹೋಗಿ ತಿರುಗಿ ನೋಡಿದರೆ ಹುಲ್ಲಿನ ಮೇಲೆ ಅಚ್ಚುಕಟ್ಟಾದ ಒಂದು ಪಟ್ಟೆ ಬಂದಿತ್ತು. ಮರಳಿನ ಪಟ್ಟೆ!

ನಮ್ಮ ತೋಟದ ಕೆಲಸದ ಬೋರಯ್ಯ ಗುದ್ದಲಿಗೆ ಗಲ್ಲ ಆನಿಸಿಕೊಂಡು ನಿಂತಿದ್ದ. ಕುರಿ ಕಾಯ್ದು ಬೆಳೆದ ಮನುಷ್ಯ. ಹುಲ್ಲನ್ನು ಬೆಳೆಸಿ ಯಾರಿಗೂ ತಿನ್ನಿಸದೆ ಇರುವುದೇ ಅವನ ದೃಷ್ಟಿಯಲ್ಲಿ ನಮ್ಮ ಮೊದಲ ಅಪರಾಧ.

"ರಂಗೋಲಿ ಬಾಳ ಚೆಂದಾಗೈತೆ ಸಾರ್. ಎರಡು ಚುಕ್ಕಿ ಇಟ್ರೆ ಮುಗೀತು" ಎಂದ.

ಪೈಪನ್ನು ಹೊತ್ತುಕೊಂಡು ಬಾಷಾ ಭಾಯ್ ಹತ್ತಿರ ಹೋದೆ. ಅವರು ಅದನ್ನು ಒಮ್ಮೆ ನೋಡಿ ಕಾಲಿನಿಂದ ಪಕ್ಕಕ್ಕೆ ಸರಿಸಿದರು.

"ಅರೆ, ಫಿಕರ್ ಮಾಡ್ಬ್ಯಾಡ್ರಿ ಸಾಬ್. ಗಟ್ಟಿ ಮರದ ರೋಲ್ ತಗೊಂಡ್ ಬರ್ರಿ. ದುಂಡಗಿರ್ಬೇಕು, ಸೀದಾ ಇರ್ಬೇಕು, ಭಾರ ಇರ್ಬೇಕು. ಎರಡೂ ತುದೀಗೆ ಕಬ್ಬಿಣದ ಗೂಟ ಇದ್ರೆ ನನಗೆ ಅರ್ಧ ಗಂಟೆ ಕೆಲಸ."

ಅಂಥದ್ದೊಂದು ಮರ ನಮ್ಮ ಮನೆಯಲ್ಲೇ ಇತ್ತು.

ಅದರ ವಿಷಯ ಸ್ವಲ್ಪ ಹೇಳಬೇಕು. ನೇಯ್ದ ಸೀರೆ ಸುತ್ತಿಕೊಳ್ಳಲು ಮಗ್ಗದ ಮುಂದೆ, ನೇಯುವವನ ಹೊಟ್ಟೆಗೆ ತಾಗುವ ಹಾಗೆ ಒಂದು ಮರದ ಉರುಳೆ ಇರುತ್ತದೆ. ನಮ್ಮದು ತಾತನ ಕಾಲದ್ದು, ತೇಗದ್ದು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಕೊನೆಯ ಸೀರೆಯನ್ನು ಅವರು ಮುಗಿಸಿ ಕತ್ತರಿಸಿ ಕೊಟ್ಟಿದ್ದರು. ಆದರೆ ನೇಕಾರರು ಸೀರೆಯನ್ನು ಪೂರ್ತಿ ಕತ್ತರಿಸುವುದಿಲ್ಲ. ನಾಲ್ಕು ಬೆರಳಷ್ಟು ಬಟ್ಟೆಯನ್ನು ಉರುಳೆಯ ಮೇಲೆ ಹಾಗೇ ಬಿಡುತ್ತಾರೆ. ಆ ತುಂಡಿನ ಸಾವಿರಾರು ಎಳೆಗಳು ಹಿಂದೆ ಬಾಚಣಿಗೆಯಂಥ ಹಣಿಗೆಯ ಹಲ್ಲುಗಳಲ್ಲಿ, ಅದರಾಚೆಯ ನೂಲಿನ ಕಣ್ಣುಗಳಲ್ಲಿ ಪೋಣಿಸಿಕೊಂಡೇ ಇರುತ್ತವೆ. ಹೊಸ ಹಾಸು, ಅಂದರೆ ಮುಂದಿನ ಸೀರೆಯ ಉದ್ದೆಳೆಗಳ ಕಟ್ಟು, ಬಂದಾಗ ಅದರ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಯ ತುದಿಗೆ ಹೊಸೆದು ಸೇರಿಸಿ ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಹೀಗೆ ಒಂದು ಸೀರೆಯ ಬಾಲ ಹಿಡಿದು ಇನ್ನೊಂದು ಸೀರೆ ಬರುತ್ತದೆ. ನಮ್ಮ ಮಗ್ಗದಲ್ಲಿ ತಾತನ ಕಾಲದಿಂದ ಈ ಎಳೆ ಕಡಿದಿರಲಿಲ್ಲ.

ಅವ್ವ ದಿನಾ ಬೆಳಿಗ್ಗೆ ಆ ಮಗ್ಗದ ಧೂಳು ಒರೆಸುತ್ತಿದ್ದಳು. ಆ ನಾಲ್ಕು ಬೆರಳ ಬದನೆಕಾಯಿ ಬಣ್ಣದ ಬಟ್ಟೆಯ ಮೇಲೆ ಮಾತ್ರ ಕೈಯಾಡಿಸುತ್ತಿರಲಿಲ್ಲ, ಎಲ್ಲಿ ಎಳೆ ಸಡಿಲವಾಗುತ್ತದೋ ಎಂದು. ಎರಡು ವರ್ಷದ ನಂತರ ಈ ಬೇಸಿಗೆಯಲ್ಲಿ, ತಾನೇ ಗುಂಡಿಗೆ ಇಳಿದು ನೇಯುತ್ತೇನೆ ಎಂದು ಮನಸ್ಸು ಮಾಡಿದ್ದಳು. ಆ ವಾರವೇ ರಾಯದುರ್ಗದ ನಮ್ಮ ಚಿಕ್ಕಮ್ಮನ ಮನೆಯಿಂದ ಹೊಸ ಹಾಸು ತರಲು ಹೊರಟಳು.

"ಶುಕ್ರವಾರಕ್ಕೆ ಬರ್ತೀನಿ. ಬಂದ್ ಕೂಡ್ಲೇ ನಿಮ್ಮಪ್ಪನ ಎಳೀಗೆ ಕಟ್ಟಬೇಕು. ಅಲ್ಲೀ ತನ ಮಗ್ಗನ ಯಾರೂ ಮುಟ್ಟಬ್ಯಾಡ್ರಿ" ಎಂದು ಹೇಳಿ ಬಸ್ಸು ಹತ್ತಿದಳು.

ನಾನೇ ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದವನು. ಕಿವಿಯಾರೆ ಕೇಳಿದವನು.

ಆದರೆ ನನಗೆ ಬೇಕಾಗಿದ್ದದ್ದು ಗುರುವಾರಕ್ಕೆ. ಅವ್ವ ಬರುವುದು ಶುಕ್ರವಾರ. ಮುಟ್ಟಬೇಡ ಎಂದದ್ದು ಮಗ್ಗವನ್ನು. ನಾನು ಮುಟ್ಟುವುದು ಉರುಳೆಯನ್ನು ಮಾತ್ರ. ಇಷ್ಟು ಸೂಕ್ಷ್ಮವಾಗಿ ವಾದ ಮಾಡಬಲ್ಲವನು ವಕೀಲನಾಗದೆ ಹುಲ್ಲು ಕೊಯ್ಯುತ್ತಿದ್ದಾನಲ್ಲ ಎಂದು ನನ್ನ ಬಗ್ಗೆ ನನಗೇ ಕನಿಕರ ಹುಟ್ಟಿತು.

ನನ್ನ ಹೆಂಡತಿ ಸುಜಾತ ರೊಟ್ಟಿ ತಟ್ಟುತ್ತಿದ್ದವಳು ಎದ್ದು ಬಂದು ಬಾಗಿಲಲ್ಲಿ ನಿಂತಳು. ಎರಡೂ ಕೈ ಹಿಟ್ಟಾಗಿತ್ತು.

"ರೀ, ಅತ್ತೇನ ಒಂದ್ ಮಾತು ಕೇಳ್ರಿ. ಫೋನ್ ಐತಲ್ಲ."

"ಕೇಳಿದ್ರೆ ಬ್ಯಾಡ ಅಂತಾಳೆ."

"ಮತ್ತೆ?"

"ಅದಕ್ಕೇ ಕೇಳ್ತಿಲ್ಲ."

ನನ್ನ ಯೋಜನೆ ಬಹಳ ಸರಳವಾಗಿತ್ತು. ಬಟ್ಟೆಯ ತುಂಡನ್ನು ಉರುಳೆಗೆ ಹಿಡಿದಿಟ್ಟಿದ್ದ ಸಣ್ಣ ಕೋಲನ್ನು ಕಳಚುವುದು, ಬಟ್ಟೆಯನ್ನು ಮಗ್ಗದ ಚೌಕಟ್ಟಿಗೆ ಕಟ್ಟಿಡುವುದು, ಉರುಳೆಯನ್ನು ಮಾತ್ರ ತೆಗೆಯುವುದು. ಎರಡು ವರ್ಷದಿಂದ ಕೂತಿದ್ದ ಕೋಲು ಕಳಚಲಿಲ್ಲ. ಉರುಳೆಯನ್ನೇ ಸ್ವಲ್ಪ ಮುಂದಕ್ಕೆ ಎಳೆದರೆ ಸಡಿಲವಾಗಬಹುದು ಎನಿಸಿತು. ಎಳೆದೆ. ಉರುಳೆ ಬಂತು. ಅದರ ಜೊತೆ ಬಟ್ಟೆ ಬಂತು. ಬಟ್ಟೆಯ ಜೊತೆ ಎಳೆಗಳೂ ಬಂದವು! ಹಣಿಗೆಯ ಹಲ್ಲುಗಳಿಂದ ಸರ್ರನೆ, ಬೆಣ್ಣೆಯೊಳಗಿನ ಕೂದಲಿನ ಹಾಗೆ, ಒಂದೂ ಸಿಕ್ಕದೆ, ಒಂದೂ ತಡೆಯದೆ ಎಲ್ಲವೂ ಜಾರಿ ಬಂದವು. ಅಪ್ಪನ ಕೆಲಸ ಅಷ್ಟು ನಯವಾಗಿತ್ತು.

ಉರುಳೆಗೆ ಮೊಳದುದ್ದದ ರೇಷ್ಮೆ ಬಾಲ ಬಂದಿತ್ತು. ಮಗ್ಗದಲ್ಲಿ ಹಣಿಗೆ ಖಾಲಿಯಾಗಿ, ಆ ಕಡೆಯ ಗೋಡೆ ಕಾಣುತ್ತಿತ್ತು.

ಸುಜಾತ ಒಳಗೆ ಹೋಗಿ ಒಲೆ ಆರಿಸಿದಳು. ರೊಟ್ಟಿ ಅರ್ಧಕ್ಕೇ ನಿಂತಿತು.

"ಮತ್ತೆ ಪೋಣಿಸಿದ್ರಾತು ಬಿಡು" ಎಂದೆ, ಅವಳಿಗೆ ಹೇಳುವ ಹಾಗೆ ನನಗೇ ಹೇಳಿಕೊಂಡು.

"ಎಷ್ಟು ಎಳೆ ಅದಾವೆ ಗೊತ್ತೇನ್ರಿ?"

ಗೊತ್ತಿರಲಿಲ್ಲ. ಎಣಿಸಲು ಕೂತೆ. ಮುನ್ನೂರಕ್ಕೆ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸಿದೆ, ನೂರಾ ಎಪ್ಪತ್ತಕ್ಕೆ ತಪ್ಪಿತು. ಪ್ರಗತಿ ಹಿಂದಕ್ಕೆ ಸಾಗುತ್ತಿರುವುದನ್ನು ಕಂಡು ಬಿಟ್ಟುಬಿಟ್ಟೆ. ಹೇಗೂ ಕೆಟ್ಟಿದೆ, ಕೆಟ್ಟದ್ದಕ್ಕೆ ಪಟ್ಟೆಯಾದರೂ ಬರಲಿ ಎಂಬ ಹಾಳು ಧೈರ್ಯ ಬಂತು. ಈಗ ಕೋಲನ್ನು ತಟ್ಟಿ ಕಳಚಿ, ತುಂಡನ್ನು ಬಿಡಿಸಿ ಮಡಿಸಿ ಕೈಚೀಲಕ್ಕೆ ಹಾಕಿಕೊಂಡೆ. ಶುಕ್ರವಾರದೊಳಗೆ ಯಾರಾದರೂ ತಿಳಿದವರಿಗೆ ತೋರಿಸಿ ಸರಿ ಮಾಡಿಸುತ್ತೇನೆ ಎಂದುಕೊಂಡೆ. ತಿಳಿದವರು ಯಾರು? ನಮ್ಮ ಬೀದಿಯಲ್ಲಿ ಈ ಕೆಲಸ ಚೆನ್ನಾಗಿ ತಿಳಿದಿದ್ದವರು ಅಪ್ಪ.

ಮರುದಿನ ಬೆಳಿಗ್ಗೆ ಬೀದಿಯವರಿಗೆ ಕಾಣಬಾರದೆಂದು ಉರುಳೆಯನ್ನು ಬಿಳಿ ಪಂಚೆಯಲ್ಲಿ ಸುತ್ತಿ, ಹೆಗಲ ಮೇಲಿಟ್ಟುಕೊಂಡು ಬಸ್ಸಿಗೆ ಹತ್ತಿದೆ. ಒಳಗಿದ್ದ ಗದ್ದಲ ಥಟ್ಟನೆ ನಿಂತಿತು. ಒಬ್ಬರು ಎದ್ದು ಸೀಟು ಬಿಟ್ಟುಕೊಟ್ಟರು. ಇನ್ನೊಬ್ಬರು ಚಪ್ಪಲಿ ಕಳಚಿ ಸೀಟಿನ ಕೆಳಗೆ ತಳ್ಳಿದರು. ಒಬ್ಬ ಅಜ್ಜಿ ಸೆರಗು ತಲೆ ಮೇಲೆ ಎಳೆದುಕೊಂಡು ಕೇಳಿದಳು:

"ಯಾವ ದೇವ್ರಪ್ಪ? ಹೊಳೆಗೆ ಹೊಂಟೈತೇನು?"

ನಮ್ಮ ಕಡೆ ದೇವರನ್ನು ಹೀಗೇ ಮಡಿಬಟ್ಟೆಯಲ್ಲಿ ಸುತ್ತಿ ಹೊಳೆಗೆ ಒಯ್ಯುವುದುಂಟು. ಅಲ್ಲ ಅಜ್ಜಿ, ಇದು ಹುಲ್ಲಿನ ಗಾಡಿಯ ರೋಲರು ಎಂದು ಹೇಳಬೇಕಿತ್ತು. ಸೀಟು ಚೆನ್ನಾಗಿತ್ತು, ಕಿಟಕಿ ಪಕ್ಕದ್ದು. "ಹೂಂ" ಎಂದೆ. ಅಜ್ಜಿ ಎರಡೂ ಕೈಯಿಂದ ಉರುಳೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಮೊಮ್ಮಗಳ ಮದುವೆ ಬೇಗ ಆಗಲಿ ಎಂದು ಬೇಡಿಕೊಂಡಳು. ಚಳ್ಳಕೆರೆ ಬರುವವರೆಗೂ ನಾನು ಆ ಮರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಪಂಚೆಯ ಒಳಗೆ ನಡುಭಾಗ ಕೈಗೆ ತೀರಾ ನುಣುಪಾಗಿ ಸಿಗುತ್ತಿತ್ತು. ನಲವತ್ತು ವರ್ಷ ಅಪ್ಪನ ಹೊಟ್ಟೆ ತಾಗಿ ಸವೆದ ಜಾಗ ಅದು. ನನಗೆ ಅಳು ಬಂದ ಹಾಗಾಯಿತು. ಅಜ್ಜಿ ಅದನ್ನು ಭಕ್ತಿ ಎಂದುಕೊಂಡಿರಬೇಕು.

ಬಾಷಾ ಭಾಯ್ ಅರ್ಧ ಗಂಟೆ ಎಂದದ್ದನ್ನು ಅರ್ಧ ಗಂಟೆಯಲ್ಲೇ ಮುಗಿಸಿದರು. ಈ ಕಥೆಯಲ್ಲಿ ಸರಿಯಾಗಿ ಕೆಲಸ ಮಾಡಿದವರು ಅವರೊಬ್ಬರೇ. ಗಾಡಿಗೆ ಜೋಡಿಸುವಾಗ ಗೂಟಗಳಿಗೆ ಗ್ರೀಸು ಹಚ್ಚಬೇಕಿತ್ತು. ಹಚ್ಚಿದೆ. ಹೆಚ್ಚಾಯಿತು. ಒರೆಸಲು ಬೋರಯ್ಯನಿಗೆ "ಏನಾದ್ರೂ ಬಟ್ಟೆ ಕೊಡೋ" ಎಂದೆ. "ನನ್ ಟವೆಲ್ ಕೊಡಲ್ಲ ಸಾರ್" ಎಂದ. ಕಣ್ಣು ಗೂಟದ ಮೇಲೇ ಇಟ್ಟು, ಪಕ್ಕದಲ್ಲಿದ್ದ ಕೈಚೀಲದೊಳಗೆ ಕೈಹಾಕಿ, ಸಿಕ್ಕ ಬಟ್ಟೆ ತೆಗೆದು ಒರೆಸಿದೆ. ಎರಡೂ ಕಡೆ ಒರೆಸಿದೆ. ಚೌಕಟ್ಟನ್ನೂ ಒರೆಸಿದೆ. ಕೈಯನ್ನೂ ಒರೆಸಿಕೊಂಡೆ.

ಆಮೇಲೆ ಕಪ್ಪಿನ ನಡುವೆ ಜರಿಯ ಒಂದು ಗೆರೆ ಮಿಂಚಿತು.

ಅಪ್ಪ ಕೊನೆಯದಾಗಿ ನೇಯ್ದ ನಾಲ್ಕು ಬೆರಳು ಬಟ್ಟೆ! ನಾನು ಅದನ್ನು ಮೆತ್ತಗೆ ಮಡಿಸಿ ಚೀಲದ ತಳಕ್ಕೆ ಇಟ್ಟೆ. ಈಗ ಮಡಿಸಿದರೇನು, ಮುದ್ದೆ ಮಾಡಿದರೇನು? ಆದರೂ ಮಡಿಸಿದೆ.

ಹಿಂದಿನ ಲಾನಿನಲ್ಲಿ ಎರಡನೆಯ ಪರೀಕ್ಷೆ ನಡೆಯಿತು. ಪಟ್ಟೆ ಬಂತು! ನಿಜವಾಗಿ ಬಂತು. ಹೋಗುವಾಗ ತಿಳಿ, ಬರುವಾಗ ಗಾಢ. ಒಂದು ಗಳಿಗೆ ನಾನು ಎಲ್ಲವನ್ನೂ ಮರೆತು ಗಾಡಿಯ ಮೇಲೆ ನಿಂತುಬಿಟ್ಟೆ. ಮಹಡಿಯಿಂದ ಸಾಹೇಬರು ಕೂಗಿದರು.

"ನಾಗೇಂದ್ರ, ಅಡ್ಡ ಗೆರೆ ಯಾಕೆ ಬಂದಿವೆ?"

ಮೇಲೆ ಹೋಗಿ ನೋಡಿದೆ. ಮಗ್ಗದ ಉರುಳೆಗೆ ಉದ್ದಕ್ಕೂ ಒಂದು ಕೊರಕಲು ಇರುತ್ತದೆ, ಆ ಸಣ್ಣ ಕೋಲು ಕೂರಲೆಂದು. ಉರುಳೆ ಒಂದು ಸುತ್ತು ಬಂದಾಗಲೆಲ್ಲ ಕೊರಕಲು ಸಿಕ್ಕ ಜಾಗದ ಹುಲ್ಲು ಬಾಗದೆ ಸೆಟೆದು ನಿಂತಿತ್ತು. ಹೀಗಾಗಿ ಉದ್ದಕ್ಕೆ ಪಟ್ಟೆ, ಅಡ್ಡಕ್ಕೆ ಗೆರೆ ಸೇರಿ ಇಡೀ ಲಾನು ಚೌಕಳಿಯಾಗಿತ್ತು.

"ಇದು ಲುಂಗಿ ಒಣಗಿಸಲು ಹಾಕಿದ ಹಾಗಿದೆಯಲ್ಲಯ್ಯ!" ಎಂದರು ಸಾಹೇಬರು.

"ನಾಳೆ ಸರಿ ಹೋಗುತ್ತೆ ಸಾರ್" ಎಂದೆ.

ಕೊರಕಲಿಗೆ ಒಂದು ಕಬ್ಬಿಣದ ಸಲಾಕೆ ಕೂರಿಸಿ, ಅಲುಗದ ಹಾಗೆ ಆರು ಕಡೆ ಬೈಂಡಿಂಗ್ ವೈರು ಬಿಗಿದು ತಿರುಚಿದೆ. ವೈರಿನ ತುದಿಗಳು ಸ್ವಲ್ಪ ಹೊರಗೆ ಚಾಚಿಕೊಂಡಿದ್ದವು. ಸ್ವಲ್ಪವೇ. ಬೋರಯ್ಯ ಅದನ್ನು ಬೆರಳಿಂದ ಮುಟ್ಟಿ ನೋಡಿ "ಮುಳ್ಳು ಇದ್ದಂಗೆ ಅದಾವೆ ಸಾರ್" ಎಂದ. "ಹುಲ್ಲಿಗೆ ಚುಚ್ಚಿದ್ರೆ ನೋವಾಗಲ್ಲ ಕಣೋ" ಎಂದೆ. ಹಾಸ್ಯ ಮಾಡುವ ಹುಮ್ಮಸ್ಸು ಇನ್ನೂ ಉಳಿದಿತ್ತು.

ಗುರುವಾರ ಬಂತು. ಅತಿಥಿಗಳು ಬಂದರು. ಎತ್ತರದ ಆಳು, ಬಿಳಿ ಮೀಸೆ. ಪೋರ್ಟಿಕೋದಲ್ಲಿ ಕುರ್ಚಿ ಹಾಕಿ, ಕೈಗೆ ಎಳನೀರು ಕೊಟ್ಟು, ಅವರ ಕಣ್ಣೆದುರೇ ಮುಂಭಾಗದ ಲಾನಿಗೆ ಪಟ್ಟೆ ಹಾಕಿ ತೋರಿಸುವುದು ಸಾಹೇಬರ ಯೋಜನೆ. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗಾಡಿ ಏರಿದೆ.

ಇಲ್ಲಿ ಒಂದು ವಿಷಯ ಹೇಳಬೇಕು. ಮುಂಭಾಗದ ಲಾನು ಬಿಸಿಲಿಗೆ ಸುಟ್ಟುಹೋಗಿದ್ದರಿಂದ, ಅತಿಥಿ ಬರುತ್ತಾರೆಂದು ಎರಡು ವಾರದ ಹಿಂದಷ್ಟೇ ಸಿದ್ಧ ಹುಲ್ಲನ್ನು ತರಿಸಿ ಹಾಸಿದ್ದೆವು. ಅಡಿಯಲ್ಲಿ ತೆಳ್ಳನೆಯ ಬಲೆ ಇರುವ ಆ ಹುಲ್ಲು ಚಾಪೆಯ ಹಾಗೆ ಸುರುಳಿ ಸುತ್ತಿಕೊಂಡು ಲಾರಿಯಲ್ಲಿ ಬಂದಿತ್ತು. ಬಿಡಿಸಿ ಹಾಸಿಸಿದವನು ನಾನೇ. ಇನ್ನೂ ಬೇರು ನೆಲಕ್ಕೆ ಹಿಡಿದಿರಲಿಲ್ಲ ಎಂಬುದನ್ನು ತಿಳಿದಿರಬೇಕಾದವನೂ ನಾನೇ.

ಗಾಡಿ ಹೊರಟಿತು. ಬೆನ್ನು ನೆಟ್ಟಗೆ, ಕಣ್ಣು ನೇರ. ಪಟ್ಟೆ ಸೊಟ್ಟ ಬರಬಾರದೆಂದರೆ ಎದುರಿನ ಒಂದು ಗುರುತನ್ನೇ ನೋಡುತ್ತ ಹೋಗಬೇಕು, ಹಿಂದೆ ತಿರುಗಬಾರದು ಎಂದು ಮೊಬೈಲಿನಲ್ಲಿ ಹೇಳಿದ್ದರು. ನಾನು ಧ್ವಜಸ್ತಂಭವನ್ನೇ ನೋಡುತ್ತ ಹೋದೆ. ಎಂಜಿನ್ ಸದ್ದಿನಲ್ಲಿ ಬೇರೇನೂ ಕೇಳುತ್ತಿರಲಿಲ್ಲ. ಓರೆಗಣ್ಣಲ್ಲಿ ನೋಡಿದರೆ ಪೋರ್ಟಿಕೋದಲ್ಲಿ ಎಲ್ಲರೂ ಎದ್ದು ನಿಂತಿದ್ದರು. ಅತಿಥಿಗಳೂ ಎದ್ದಿದ್ದರು! ಸಾಹೇಬರು ಎರಡೂ ಕೈ ಮೇಲೆತ್ತಿ ಬೀಸುತ್ತಿದ್ದರು. ನನ್ನ ಇಪ್ಪತ್ತು ವರ್ಷದ ಸೇವೆಯಲ್ಲಿ ಇಂಥ ಗೌರವ ಸಿಕ್ಕಿರಲಿಲ್ಲ. ನಾನೂ ಒಂದು ಕೈ ಎತ್ತಿ ವಿನಯದಿಂದ ಬೀಸಿದೆ.

ಗಾಡಿ ನಿಧಾನವಾಯಿತು. ತಿಣುಕಿತು. ಬೋರಯ್ಯ ಪಕ್ಕದಲ್ಲಿ ಓಡಿ ಬಂದು ಕೀಲಿ ತಿರುಗಿಸಿ ಎಂಜಿನ್ ಆರಿಸಿದ.

"ಸಾರ್, ಒಂದ್ ಸಲ ಹಿಂದೆ ನೋಡ್ರಿ."

ನೋಡಿದೆ.

ಆ ಉರುಳೆ ಮೂರು ತಲೆಮಾರಿನಿಂದ ಮಾಡಿದ್ದು ಒಂದೇ ಕೆಲಸ. ತನ್ನ ಮುಂದೆ ಬಂದದ್ದನ್ನು ಅಚ್ಚುಕಟ್ಟಾಗಿ ಸುತ್ತಿಕೊಳ್ಳುವುದು. ಇಲ್ಲಿಯೂ ಅದನ್ನೇ ಮಾಡಿತ್ತು. ವೈರಿನ ತುದಿಗಳು ಹುಲ್ಲಿನ ಅಡಿಯ ಬಲೆಗೆ ಸಿಕ್ಕಿ, ಲಾನು ಬುಡಸಮೇತ ಎದ್ದು, ಮಡಿಕೆ ಬೀಳದೆ, ಸುಕ್ಕಾಗದೆ ಉರುಳೆಗೆ ಸುತ್ತಿಕೊಂಡು ನನ್ನ ಬೆನ್ನಿಗೆ ಬಂದು ಮುಟ್ಟುವಷ್ಟು ದಪ್ಪವಾಗಿತ್ತು. ಹಿಂದೆ ನಲವತ್ತು ಅಡಿ ಉದ್ದಕ್ಕೆ ಬರಿ ಕೆಂಪು ಮಣ್ಣು. ನೇರವಾಗಿತ್ತು, ಒಂದು ಇಂಚೂ ಸೊಟ್ಟ ಇರಲಿಲ್ಲ.

ಅತಿಥಿಗಳು ಎಳನೀರು ಕೆಳಗಿಟ್ಟು "ಇದು ಏನು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಸಾಹೇಬರು ಕಣ್ಣು ಮಿಟುಕಿಸದೆ "ಹಳೆಯ ಹುಲ್ಲು ತೆಗೆಯುವ ಯಂತ್ರ ಸಾರ್. ನಮ್ಮಲ್ಲೇ ಅಭಿವೃದ್ಧಿಪಡಿಸಿದ್ದು" ಎಂದರು. ಅತಿಥಿಗಳು ಬಹಳ ಮೆಚ್ಚಿಕೊಂಡು ಹೋದರು. ಅವರು ಗೇಟು ದಾಟಿದ ಕೂಡಲೇ, ಸಂಸ್ಥೆಯ ಹಸಿರನ್ನು ಉದ್ದೇಶಪೂರ್ವಕವಾಗಿಯೋ ಅಜಾಗರೂಕತೆಯಿಂದಲೋ ಸುತ್ತಿದ್ದಕ್ಕೆ ಸೂಕ್ತ ಸಮಜಾಯಿಷಿ ನೀಡತಕ್ಕದ್ದು ಎಂಬ ಪತ್ರ ನನ್ನ ಕೈ ಸೇರಿತು. ಗಾಡಿಯ ಕೀಲಿ ನನ್ನ ಕೈ ಬಿಟ್ಟಿತು.

ಉರುಳೆಯಿಂದ ಹುಲ್ಲು ಬಿಡಿಸಲು ಕುಡುಗೋಲು ಬೇಕಾಯಿತು. ಬೋರಯ್ಯ ಆದಷ್ಟು ಜೋಪಾನವಾಗಿಯೇ ಕೊಯ್ದ. ಆದರೂ ಆ ನುಣುಪು ಜಾಗದ ಮೇಲೆ ಮೂರು ಗೀರು ಬಿದ್ದವು. "ಯಾರ್ದು ಸಾರ್ ಈ ಮರ?" ಎಂದು ಕೇಳಿದ. "ನಮ್ಮಪ್ಪಂದು" ಎಂದೆ. ಅವನು ಕುಡುಗೋಲು ಪಕ್ಕಕ್ಕಿಟ್ಟು, ಉಳಿದದ್ದನ್ನು ಕೈಯಲ್ಲೇ ಕಿತ್ತ. ಟವೆಲ್ಲನ್ನು ನೀರಲ್ಲಿ ಅದ್ದಿ ಮರವನ್ನು ಒರೆಸಿಕೊಟ್ಟ. ಅವತ್ತು ತಮಾಷೆ ಮಾಡಲಿಲ್ಲ. ಕಿತ್ತ ಹುಲ್ಲನ್ನು ಮಾತ್ರ ಕುರಿಗೆಂದು ಕಟ್ಟಿಕೊಂಡು ಹೋದ.

ಸಂಜೆ ಮನೆ ತಲುಪಿದಾಗ ಬಾಗಿಲ ಬಳಿ ಅವ್ವನ ಚಪ್ಪಲಿ ಕಂಡವು. ಒಂದು ದಿನ ಮೊದಲೇ ಬಂದಿದ್ದಳು. ಹಾಸು ಬೇಗ ಸಿಕ್ಕಿತಂತೆ, ತಡೆಯಲಾಗಲಿಲ್ಲವಂತೆ. ಸುಜಾತ ಅಡುಗೆಮನೆಯಿಂದಲೇ ನನ್ನ ಮುಖ ನೋಡಿ ತಲೆ ಅಲ್ಲಾಡಿಸಿದಳು.

ಅವ್ವ ಮಗ್ಗದ ಮುಂದೆ ನೆಲದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಬಟ್ಟೆಯಲ್ಲಿ ಸುತ್ತಿದ ಹೊಸ ಹಾಸು. ನಾನು ಉರುಳೆಯನ್ನು ಗೋಡೆಗೆ ಒರಗಿಸಿದೆ. ಅವಳು ಅದರ ಕಡೆ ನೋಡಲಿಲ್ಲ.

"ಆ ತುಂಡು ಎಲ್ಲೈತೆ?" ಎಂದಳು.

ಚೀಲದಿಂದ ತೆಗೆದು ಕೊಟ್ಟೆ. ಕೊಡುವಾಗ ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಸಾಹೇಬರು, ಅತಿಥಿ, ಕೊರಕಲು, ಗ್ರೀಸು, ಬೋರಯ್ಯ ಟವೆಲ್ ಕೊಡದೆ ಇದ್ದದ್ದು. ಅವ್ವ ಎದ್ದು ಹಿತ್ತಲಿಗೆ ಹೋಗಿ ಅಂಟುವಾಳಕಾಯಿ ನೊರೆಯಲ್ಲಿ ಅದನ್ನು ತೊಳೆದಳು. ಹಿಂಡಲಿಲ್ಲ, ರೇಷ್ಮೆ ಹಿಂಡಬಾರದು. ಅಂಗೈ ಮೇಲೆ ಹರಡಿಕೊಂಡು ಮತ್ತೆ ತೊಳೆದಳು. ಗ್ರೀಸು ಹೋಗಲಿಲ್ಲ. ಎಳೆಗಳ ತುದಿಗಳು ಒಂದಕ್ಕೊಂದು ಅಂಟಿ ಗಂಟಾಗಿದ್ದವು. ಸ್ವಲ್ಪ ಹೊತ್ತು ಬಿಡಿಸಲು ನೋಡಿ ಕೈಬಿಟ್ಟಳು.

"ಬಯ್ಯವ್ವ" ಎಂದೆ. ನಿಜವಾಗಿ ಬೇಡಿಕೊಂಡೆ.

ಬಯ್ಯಲಿಲ್ಲ.

"ನಿಮ್ಮಪ್ಪ ಮಗ್ಗ ಹಿಂಗೇ ಬಿಟ್ಟು ಎಲ್ಲೋ ಹೊರಗ ಹೋಗವ್ರೆ ಅಂದ್ಕೊಂಡೇ ಇದ್ದೆ ನೋಡು, ಎರಡು ವರ್ಷದಿಂದ. ಎಳೆ ಐತಲ್ಲ, ಮನುಷ್ಯ ಬರ್ತಾನೆ ಅನ್ನೋ ಹಂಗೆ. ಇವತ್ತು ಆ ಖಾಲಿ ಹಣಿಗೆ ನೋಡಿದ್ ಮ್ಯಾಲೆ ಗೊತ್ತಾತು. ಇನ್ನ ಬರಲ್ಲ ಅವ್ರು."

ಅಪ್ಪನನ್ನು ಮಣ್ಣು ಮಾಡಿದ ದಿನ ನಾನು ಜನ, ಊಟ, ಬಾಡಿಗೆ ಪಾತ್ರೆ ಎಂದು ಓಡಾಡಿಕೊಂಡಿದ್ದೆ. ಅವತ್ತು ಬಾರದ ಅಳು ಈಗ ಹಿತ್ತಲಲ್ಲಿ, ಬಚ್ಚಲ ಕಲ್ಲಿನ ಪಕ್ಕ ಬಂತು. ಅವ್ವ ಆ ತುಂಡನ್ನು ತಂತಿಯ ಮೇಲೆ ಹಾಕಿ ನನ್ನ ಕಡೆ ತಿರುಗಿದಳು.

"ಅತ್ಕೊಂಡ್ ಕೂತ್ರೆ ಹಣಿಗೆ ತುಂಬಲ್ಲ. ಬೆಳಕು ಇರೋವಾಗ ದಿನಾ ಒಂದ್ ಗಂಟೆ ಬಂದು ಕೂತ್ಕ. ಎಳೆ ಕೊಡೋರು ಬೇಕು ನನಗೆ."

ಖಾಲಿ ಹಣಿಗೆಗೆ ಹೊಸದಾಗಿ ಎಳೆ ತುಂಬಲು ಇಬ್ಬರು ಬೇಕು. ಹಿಂದೆ ಕೂತವರು ಹಾಸಿನಿಂದ ಸರದಿ ತಪ್ಪದೆ ಒಂದೊಂದೇ ಎಳೆ ಆರಿಸಿ ಕೊಡಬೇಕು, ಮುಂದೆ ಕೂತವರು ಅದನ್ನು ಕಣ್ಣಿನೊಳಗಿಂದ, ಹಲ್ಲಿನ ನಡುವಿಂದ ಎಳೆದುಕೊಳ್ಳಬೇಕು. ಮುಂದಿನದು ಕಸುಬು ಬಲ್ಲವರ ಕೆಲಸ. ಹಿಂದಿನದನ್ನು ನೇಕಾರರ ಮನೆಗಳಲ್ಲಿ ಆರೇಳು ವರ್ಷದ ಮಕ್ಕಳು ಮಾಡುತ್ತಾರೆ. ನನಗೆ ನಲವತ್ತೆಂಟು. ಉದ್ಯಾನ ಮೇಲ್ವಿಚಾರಕ. ಈಗ ದಿನಾ ಬೇಗ ಬಸ್ಸು ಹಿಡಿದು ಬಂದು, ಕನ್ನಡಕ ಹಾಕಿಕೊಂಡು, ಮಗ್ಗದ ಹಿಂದೆ ಮಂಡಿ ಮಡಿಸಿ ಕೂರುತ್ತೇನೆ. ಗೀರು ಬಿದ್ದ ಉರುಳೆ ತನ್ನ ಜಾಗಕ್ಕೆ ಹೋಗಿದೆ. ಅದನ್ನು ಕೂರಿಸುವಾಗಲೂ ಅವ್ವ ಸುಜಾತಳನ್ನು ಕರೆದಳು, ನನ್ನನ್ನು ಕರೆಯಲಿಲ್ಲ.

ಹತ್ತು ದಿನವಾಗಿದೆ. ಕಾಲುಭಾಗ ತುಂಬಿದೆ. ನಿನ್ನೆ ಪಕ್ಕದ ಬೀದಿಯ ಒಬ್ಬ ಮುದುಕಿ, ಕಣ್ಣು ಸರಿಯಾಗಿ ಕಾಣದವಳು, ಬಾಗಿಲಲ್ಲಿ ನಿಂತು ಇಣುಕಿದಳು.

"ಮಗ್ಗ ಸುರು ಮಾಡಿದ್ಯೇನೇ? ಹಿಂದೆ ಯಾರೋ ಕುಂತಂಗೈತೆ, ಯಾರದು?"

ಅವ್ವ ಹಣಿಗೆಯಿಂದ ಕಣ್ಣು ತೆಗೆಯಲಿಲ್ಲ.

"ಹೊಸಬ. ಎಳೆ ಕೊಡೋಕೆ ಇಟ್ಕೊಂಡೀನಿ."

"ಕೆಲಸ ಬರ್ತೈತಾ?"

"ಇನ್ನೂ ಇಲ್ಲ. ಮನೆ ಕಡೆ ಒಳ್ಳೇರು, ಅದಕ್ಕೇ ಇಟ್ಕೊಂಡೀನಿ."

ನಾನು ತಲೆ ಎತ್ತಲಿಲ್ಲ. ಬಹಳ ಎಚ್ಚರದಿಂದ ಮುಂದಿನ ಎಳೆ ಆರಿಸಿ ಕೊಟ್ಟೆ. ಅವ್ವ ಅದನ್ನು ಬೆರಳಿನಲ್ಲಿ ಹಿಡಿದು ನೋಡಿ, ನನ್ನ ಕೈಗೇ ವಾಪಸು ಕೊಟ್ಟಳು.